ಕೂತ್ಕೊ ಅನ್ನುವ ಹಾಡು

ಅಂಚಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಸಂಬಳದ ದಿನ ಆ ಹೆಸರು ಕೂಗಿದಾಗ ಅವಳೇ "ಯಾರಪ್ಪ ಅದು" ಎಂದು ಹಿಂದೆ ತಿರುಗಿ ನೋಡುತ್ತಿದ್ದಳು. ಆಸ್ಪತ್ರೆಗಳ ಬಟ್ಟೆ ಒಗೆದು ಕಳಿಸುವ ದೊಡ್ಡ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ಅವಳ ಕೆಲಸ. ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಬಟ್ಟೆ ಹೊರಗೆ ಬರುತ್ತಲೇ ಈ ತುದಿ ಒಬ್ಬಳು, ಆ ತುದಿ ಒಬ್ಬಳು ಹಿಡಿದು, ಜಗ್ಗಿ, ಒಬ್ಬರ ಕಡೆಗೊಬ್ಬರು ನಡೆದು ಬಂದು ಅಂಚಿಗೆ ಅಂಚು ಕೂಡಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಈಕೆ ಬಿಡುವವಳಲ್ಲ. "ಅಂಚು, ಅಂಚು" ಎಂದು ಬಡಬಡಿಸಿ ಬಡಬಡಿಸಿ ಹೆಸರೇ ಅಂಚಕ್ಕ ಎಂದಾಗಿಹೋಯಿತು.

ಅವಳ ಜೋಡಿ ದೊಡ್ಡಮ್ಮ. ಹಾಗಂತ ಅಂಚಕ್ಕನ ದೊಡ್ಡಮ್ಮನಲ್ಲ, ಲಾಂಡ್ರಿಗೆಲ್ಲ ದೊಡ್ಡಮ್ಮ. ಅಂಚಕ್ಕ ಮದುವೆಯಾದ ಹೊಸದರಲ್ಲಿ ಕೆಲಸಕ್ಕೆ ಸೇರಿದಾಗ, ಬಿಸಿ ಬಟ್ಟೆಯನ್ನು ಬೆರಳು ಸುಡದ ಹಾಗೆ ಹಿಡಿಯುವುದನ್ನು ಕಲಿಸಿದವಳೇ ಅವಳು. ಮಡಚುವ ಜೋಡಿ ಎಂದರೆ ಹುಡುಗಾಟವಲ್ಲ ಸ್ವಾಮಿ. ಎತ್ತು ಏರಿಗೆ, ಕೋಣ ನೀರಿಗೆ ಎಂದು ಎಳೆದರೆ ಒಗೆದ ಬಟ್ಟೆ ನೆಲ ಗುಡಿಸುತ್ತದೆ. ಇವರಿಬ್ಬರ ನಡುವೆ ಅಂಥದ್ದು ಆದದ್ದೇ ಇಲ್ಲ. ಅಂಚಕ್ಕನಿಗೆ ಮಗಳು ಹುಟ್ಟಿದ್ದು, ಅತ್ತೆ ತೀರಿಕೊಂಡದ್ದು, ಗಂಡನ ಜೊತೆ ಮಾತು ಬಿಟ್ಟದ್ದು, ಮತ್ತೆ ಆಡಿದ್ದು, ಎಲ್ಲವೂ ಬೆಡ್‌ಶೀಟಿನ ತುದಿಯಿಂದ ನಡುವಿಗೆ ಬರುವಷ್ಟರಲ್ಲಿ ತುಂಡು ತುಂಡಾಗಿ ಹೇಳಿ ಮುಗಿಸಿದ ಸುದ್ದಿಗಳು. ಎದುರಿಗಿರುವ ಮುಖ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಹೀಗೆ ಒಂದೇ ಮುಖ ನೋಡುತ್ತ ಅಂಚಕ್ಕನ ಅರ್ಧ ಆಯಸ್ಸು ಕಳೆದಿತ್ತು.

ಅವಳ ಗಂಡನದು ಗುಜರಿ ಅಂಗಡಿ. ಮಾರಿದ್ದಕ್ಕಿಂತ ಮನೆಗೆ ಹೊತ್ತು ತಂದದ್ದೇ ಹೆಚ್ಚು. ಮುಳ್ಳಿಲ್ಲದ ಗಡಿಯಾರ, ಹಿಡಿಯಿಲ್ಲದ ಕೊಡೆ, ಮೂರು ಕಾಲಿನ ಟೀಪಾಯಿ, ಏನು ಬೇಕು ಕೇಳಿ. ಒಂದು ಸಂಜೆ ಅವನು ರೆಕಾರ್ಡ್ ಪ್ಲೇಯರೊಂದನ್ನು ಬಗಲಲ್ಲಿಟ್ಟುಕೊಂಡು ಬಂದ. ಜೊತೆಗೆ ಒಂದೇ ಒಂದು ರೆಕಾರ್ಡು. ಅದರ ಹೊದಿಕೆಯ ಮೇಲೆ ಕಣ್ಣಿಗೆ ಹೊಡೆಯುವ ಹಳದಿ ಬಣ್ಣ, ನಡುವೆ ಆಳೆತ್ತರದ ಖಾಲಿ ಕುರ್ಚಿ, ಸುತ್ತ ನಿಂತಿರುವ ನೂರಾರು ಜನ. ಒಬ್ಬರಾದರೂ ಕೂತಿಲ್ಲ. ಇದ್ಯಾವ ದೇಶದ ಮದುವೆಯೋ ಎಂದುಕೊಂಡಳು ಅಂಚಕ್ಕ.

ಗಂಡ ಮುಳ್ಳು ಇಳಿಸಿದ. ಮೊದಲು ಡ್ರಮ್ಮು. ಆಮೇಲೆ ಒಂದು ಗಿಟಾರು ಬಂದು ಒಂದೇ ತುಣುಕನ್ನು ಹಿಡಿದು ಕೂತಿತು, ಬಿಡಲೇ ಇಲ್ಲ. ಇನ್ನೊಂದು ಗಿಟಾರು ಅದರ ಸಂದಿಯಲ್ಲಿ ನುಸುಳಿತು. ಆಮೇಲೆ ಕಹಳೆಗಳು ಗುಂಪಾಗಿ ಬಂದು ಏನನ್ನೋ ಜೋರಾಗಿ ಹೇಳಿ ಹಿಂದೆ ಸರಿದವು. ಹಾಡುವವನ ಪತ್ತೆಯೇ ಇಲ್ಲ. ಗಂಡ ಕೈಕಾಲು ತೊಳೆದು ಬಂದರೂ ಇಲ್ಲ, ಒಲೆಯ ಮೇಲಿನ ಅನ್ನ ಬೆಂದರೂ ಇಲ್ಲ. ಎಲ್ಲರೂ ಆಸೆ ಬಿಟ್ಟ ಮೇಲೆ ಮಹಾರಾಯ ನಿಧಾನಕ್ಕೆ ಬಾಯಿ ತೆರೆದ. ಅವನೊಂದು ಮಾತು ಹೇಳುವುದು, ಹಿಂದಿರುವ ಹೆಂಗಸರೆಲ್ಲ ಸೇರಿ ಒಂದೇ ಪದ ತಿರುಗಿಸಿ ಹೇಳುವುದು. ಒಂದಕ್ಷರ ಅರ್ಥವಾಗಲಿಲ್ಲ. ರೆಕಾರ್ಡಿನ ಒಂದು ಮುಖ ಪೂರ್ತಿ ಒಂದೇ ಹಾಡು. ಮುಗಿದಾಗ ಅಂಚಕ್ಕ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

ಅವಳಿಗೆ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ದಿನಾ ಸಂಜೆ ಅದೇ. ಒಂದು ದಿನ ಡ್ರಮ್ಮಿನ ಬೆನ್ನು ಹತ್ತುತ್ತಿದ್ದಳು, ಮರುದಿನ ಬರೀ ಗಿಟಾರಿನದು. ಹಿಂದೆಲ್ಲೋ ಒಂದು ಚಿಕ್ಕ ಗಂಟೆ ಟಿಣ್ ಟಿಣ್ ಎನ್ನುತ್ತಿರುವುದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಗೊತ್ತಾದ ಮೇಲೆ ಅದು ಇಡೀ ಹಾಡನ್ನೇ ಹಿಡಿದು ನಿಲ್ಲಿಸಿದೆ ಎಂದು ತೋರಿತು. ಅಷ್ಟು ಜನ ಅಷ್ಟು ಹೊತ್ತು ನುಡಿಸುತ್ತಾರೆ, ಒಬ್ಬರ ಕಾಲು ಇನ್ನೊಬ್ಬರು ತುಳಿಯುವುದಿಲ್ಲ, ಯಾರಿಗೂ ಅವಸರವಿಲ್ಲ. ಅಂಚಿಗೆ ಅಂಚು ಕೂಡಿರಬೇಕು ಎಂದು ಬದುಕೆಲ್ಲ ಬಡಿದುಕೊಂಡವಳಿಗೆ ಇದಕ್ಕಿಂತ ಇನ್ನೇನು ಬೇಕು. ಗಂಡನಿಗೆ ಮಾತ್ರ ತಲೆ ಚಿಟ್ಟು ಹಿಡಿದು, ಈ ಪೆಟ್ಟಿಗೆ ತಂದ ತಪ್ಪಿಗೆ ನನ್ನನ್ನೇ ಗುಜರಿಗೆ ಹಾಕು ಎನ್ನತೊಡಗಿದ.

ಮಗಳು ಹಾಡನ್ನು ಮೊಬೈಲಿಗೆ ಇಳಿಸಿಕೊಟ್ಟಳು. ಅಂಚಕ್ಕ ಅದನ್ನು ಕೆಲಸಕ್ಕೆ ಒಯ್ದು, ಒಂದು ಚಿಕ್ಕ ಸ್ಪೀಕರಿಗೆ ಸಿಕ್ಕಿಸಿ, ಮಡಚಿದ ಬಟ್ಟೆಯ ರಾಶಿಯ ಮೇಲೆ ಇಟ್ಟಳು. ಮೊದಲು ಹೆಂಗಸರು ನಕ್ಕರು. ಮೂರನೆಯ ದಿನಕ್ಕೆ ಹಾಲ್‌ನ ಎಲ್ಲ ಜೋಡಿಗಳೂ ಅದರ ಲಯಕ್ಕೇ ನಡೆಯುತ್ತಿದ್ದವು. ಡ್ರಮ್ಮಿಗೆ ಜಗ್ಗುವುದು, ಕಹಳೆಗೆ ಕೂಡುವುದು. ದೊಡ್ಡಮ್ಮನಂತೂ ಸೊಂಟ ಕುಲುಕಿಸಿಕೊಂಡು ಬರುತ್ತಿದ್ದಳು. ಆ ವಯಸ್ಸಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ಮಣಿಕಟ್ಟು ನೋವು ಎಂದು ಬೆಳಗ್ಗೆಲ್ಲ ನರಳುತ್ತಿದ್ದವಳು ಹಾಡು ಶುರುವಾದರೆ ನೋವನ್ನೇ ಮರೆಯುತ್ತಿದ್ದಳು.

ಕೆಲಸ ಬೇಗ ಬೇಗ ಆಯಿತು. ಎಡವಟ್ಟಾದದ್ದು ಅಲ್ಲೇ.

ಅವರ ಸೂಪರ್‌ವೈಸರ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು. ಎಲ್ಲರನ್ನೂ ಅಮ್ಮ, ಅಕ್ಕ ಎಂದೇ ಮಾತಾಡಿಸುವ ಸೌಮ್ಯ ಮನುಷ್ಯ. ಮಡಚಿದ ರಾಶಿ ಎಂದಿಗಿಂತ ಎತ್ತರವಾಗಿರುವುದು ಅವನ ಕಣ್ಣಿಗೆ ಬಿತ್ತು. ಕಾರಣ ಏನೆಂದು ಹುಡುಕಿದ, ಸಿಕ್ಕಿತು. ಸಂತೋಷಪಟ್ಟು ಅಂಚಕ್ಕನ ಮೊಬೈಲಿನಿಂದ ಹಾಡನ್ನು ಇಸಿದುಕೊಂಡು, ಹಾಲ್‌ನ ದೊಡ್ಡ ಲೌಡ್‌ಸ್ಪೀಕರಿಗೆ ಹಾಕಿದ. ಬೆಳಗ್ಗೆಯಿಂದ ಸಂಜೆಯವರೆಗೆ, ಮುಗಿದರೆ ಮತ್ತೆ ಮೊದಲಿನಿಂದ. ಎಲ್ಲರೆದುರು ಅಂಚಕ್ಕನನ್ನು ಹೊಗಳಿದ. ಅವಳು ನಾಚಿ ನೀರಾದಳು. ಮುಂದಿನ ವಾರ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ದಿನದ ಟಾರ್ಗೆಟ್ ಮೇಲಕ್ಕೆ ಹೋಯಿತು. ಅದರ ಮುಂದಿನ ವಾರ ಇನ್ನೂ ಮೇಲಕ್ಕೆ.

ರೋಲರಿನ ವೇಗವನ್ನೂ ಒಂದು ಹಂತ ಏರಿಸಿದರು. ಗಟ್ಟಿ ಕೈಯವರು ಹೇಗೋ ತಡೆದುಕೊಂಡರು. ದೊಡ್ಡಮ್ಮನಿಗೆ ಆಗಲಿಲ್ಲ. ಸೊಂಟ ಕುಲುಕುವುದು ನಿಂತಿತು, ಆಮೇಲೆ ಮಾತು ನಿಂತಿತು. ಮಣಿಕಟ್ಟು ಊದಿ, ತುದಿ ಜಾರಿ, ಬಟ್ಟೆ ನೆಲಕ್ಕೆ ಬೀಳತೊಡಗಿತು. ಸೂಪರ್‌ವೈಸರ್ ಒಂದು ದಿನ ಹತ್ತಿರ ಬಂದು, ದೊಡ್ಡಮ್ಮನ ಹೆಗಲು ಮುಟ್ಟಿ, ನಿಮಗೆ ಇಲ್ಲಿ ಕಷ್ಟವಾಗುತ್ತಿದೆ ಅಮ್ಮ, ಈ ತಿಂಗಳು ಮುಗಿಯಲಿ, ಕೆಳಗಿನ ಮನೆಗೆ ಹಾಕುತ್ತೇನೆ, ಅಲ್ಲಿ ಓಡಾಟ ಇಲ್ಲ ಎಂದ.

ಓಡಾಟ ಇಲ್ಲ, ನಿಜ. ಕೆಳಗಿನ ಮನೆ ಎಂದರೆ ನೆಲಮಾಳಿಗೆ. ಆಸ್ಪತ್ರೆಯಿಂದ ಬಂದ ಬಟ್ಟೆ ಒಗೆಯುವ ಮೊದಲು ಹೇಗಿರುತ್ತದೋ ಹಾಗೆ ಬಂದು ಬೀಳುವ ಜಾಗ. ರಕ್ತ, ಕೀವು, ಹೇಲು, ಉಚ್ಚೆ, ಎಲ್ಲವನ್ನೂ ಬೇರೆ ಬೇರೆ ಮಾಡಬೇಕು. ಕಿಟಕಿಯಿಲ್ಲ. ಅಲ್ಲಿಗೆ ಹೋದವರು ಒಂದೋ ಕೆಮ್ಮು ಹಿಡಿದು ಕೆಲಸ ಬಿಡುತ್ತಿದ್ದರು, ಇಲ್ಲ ವಾಸನೆ ಹೋಗದೆ ಮನೆಯವರೇ ಬಿಡಿಸುತ್ತಿದ್ದರು. ದೊಡ್ಡಮ್ಮನಿಗೆ ಬಿಡುವ ಹಾಗೂ ಇರಲಿಲ್ಲ, ಅವಳ ಸಂಬಳದಲ್ಲೇ ಅವಳ ಮನೆ ನಡೆಯುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ಅಂಚಕ್ಕ, ಉಣ್ಣುವವಳು ದೊಡ್ಡಮ್ಮ.

ಇಷ್ಟರಲ್ಲಿ ವ್ಯಾನಣ್ಣ ಇನ್ನೊಂದು ಗೊಂದಲ ತಂದಿಟ್ಟ. ವ್ಯಾನಣ್ಣ ಎಂದರೆ ಆಸ್ಪತ್ರೆಗಳಿಂದ ಬಟ್ಟೆ ಹೇರಿಕೊಂಡು ಬರುವ ಡ್ರೈವರ್. ಪ್ರಾಯದಲ್ಲಿ ರಸ್ತೆ ಹಾಕುವ ಕಂಪನಿಯ ಜೊತೆ ಆಫ್ರಿಕಾಕ್ಕೆ ಹೋಗಿ ಕೆಲವು ವರ್ಷ ಇದ್ದು ಬಂದವನು. ಮೂಟೆ ಇಳಿಸುವಾಗ ಮೇಲಿನಿಂದ ಹಾಡು ಕೇಳಿ ಅವನು ಅಲ್ಲೇ ಗಕ್ಕನೆ ನಿಂತ. ಚಹಾದ ಹೊತ್ತಿಗೆ ಅಂಚಕ್ಕನನ್ನು ಹುಡುಕಿಕೊಂಡು ಬಂದು, ಇದು ಆಫ್ರೋಬೀಟ್ ಅನ್ನೋ ಆಫ್ರಿಕಾದ ಸಂಗೀತ ಕಣಕ್ಕ, ಅಲ್ಲಿ ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕಟಿಂಗ್ ಶಾಪಿನಲ್ಲಿ ಎಲ್ಲ ಕಡೆ ಇದೇ ಇರುತ್ತಿತ್ತು, ಇಲ್ಲಿಗೆ ಹೇಗೆ ಬಂತು ಎಂದು ಕೇಳಿದ. ಗುಜರಿಯ ಕಥೆ ಕೇಳಿ ಬಿದ್ದು ಬಿದ್ದು ನಕ್ಕ. ಹಾಡುವವನು ಏನು ಹೇಳುತ್ತಾನೆ ಎಂದು ಅಂಚಕ್ಕ ಕೇಳಿದಳು.

"ದೊಡ್ಡೋರ್ನ ಬೈತಾನೆ," ಎಂದ ವ್ಯಾನಣ್ಣ. "ಕುರ್ಚಿ ಮಾಡಿದೋನು ನಿಂತಿದಾನೆ. ಮನೆ ಕಟ್ಟಿದೋನು ಬಾಗಿಲಾಚೆ ನಿಂತಿದಾನೆ. ಅಡುಗೆ ಮಾಡಿದೋಳು ನಿಂತ್ಕೊಂಡೇ ತಿಂತಾಳೆ. ಬೆಳಗ್ಗೆಯಿಂದ ನಿಂತಿದೀಯಲ್ಲ ತಾಯಿ, ಯಾರು ನಿಲ್ಲು ಅಂದಿದ್ದು? ಹಿಂದಿರೋ ಹೆಂಗಸ್ರು ಹೇಳೋದು ಒಂದೇ ಮಾತು. ಕೂತ್ಕೊ, ಕೂತ್ಕೊ ಅಂತ."

ಅಂಚಕ್ಕ ಚಹಾದ ಲೋಟ ಕೆಳಗಿಟ್ಟಳು. ಕೂತ್ಕೊ ಎನ್ನುವುದಕ್ಕೆ ಕಾಲು ನಿಲ್ಲದ ಹಾಗೆ ಡ್ರಮ್ ಯಾಕೆ ಬಾರಿಸುತ್ತಾನೆ ಎಂದು ಕೇಳಿದಳು. ವ್ಯಾನಣ್ಣ ತಲೆ ಕೆರೆದುಕೊಂಡ. ಅದು ತನಗೂ ಗೊತ್ತಿಲ್ಲ, ಅಲ್ಲಿ ಜನ ಇದಕ್ಕೆ ಕುಣಿಯುತ್ತಿದ್ದರು, ಅಳುತ್ತಿದ್ದರು, ಪೊಲೀಸರು ಬಂದರೆ ಓಡುತ್ತಿದ್ದರು, ಕೂತವರನ್ನು ಮಾತ್ರ ನೋಡಿಲ್ಲ ಎಂದ.

ಅವಳ ತಲೆ ಅಲ್ಲಿಂದ ಗಿರ್ರನೆ ತಿರುಗಲು ಹತ್ತಿತು. ಕೂತ್ಕೊ ಎನ್ನುವ ಹಾಡು ಹಾಲ್‌ನವರನ್ನೆಲ್ಲ ಓಡಿಸುತ್ತಿದೆ. ಯಾರನ್ನು ಬೈಯಲು ಅದನ್ನು ಕಟ್ಟಿದರೋ ಅಂಥವರೇ ಅದನ್ನು ಹಾಕಿಸಿ ಲಾಭ ಮಾಡಿಕೊಳ್ಳುತ್ತಿದ್ದಾರೆ. ಹಾಗಾದರೆ ಹಾಡಿದವನು ಯಾರ ಕಡೆ? ನಮ್ಮ ಕಡೆಯಾದರೆ ದೊಡ್ಡಮ್ಮನ ಕೈ ಯಾಕೆ ಊದಿತು? ಅವರ ಕಡೆಯಾದರೆ ತನ್ನ ಎದೆ ಯಾಕೆ ತುಂಬಿ ಬರುತ್ತದೆ? ರಾತ್ರಿ ಊಟಕ್ಕೆ ಕೂತಾಗ ಗಂಡನನ್ನೇ ಕೇಳಿದಳು. ಅವನು ಕೈ ನೆಕ್ಕುತ್ತ, ಚಾಕು ಮಾಡಿದವನಿಗೆ ಯಾರು ಏನು ಕುಯ್ತಾರೆ ಅಂತ ಗೊತ್ತಿರುತ್ತಾ, ನಾನು ಎಷ್ಟು ಚಾಕು ಮಾರಿಲ್ಲ ಎಂದ. ಈ ಮನುಷ್ಯನನ್ನು ಕೇಳಿದ ತನ್ನ ಬುದ್ಧಿಯನ್ನೇ ಬೈದುಕೊಂಡು ಅವಳು ತಟ್ಟೆ ಎತ್ತಿದಳು.

ಮಾರನೆಯ ದಿನ ದೊಡ್ಡಮ್ಮನ ಹತ್ತಿರ ಒಪ್ಪಿಕೊಂಡಳು. ಈ ಹಾಡು ತಂದು ನಿನ್ನ ಕೈಗೆ ಕಲ್ಲು ಹಾಕಿದೆ, ಸೂಪರ್‌ವೈಸರ್ ಕಾಲಿಗೆ ಬಿದ್ದಾದರೂ ನಿಲ್ಲಿಸುತ್ತೇನೆ ಎಂದಳು. ದೊಡ್ಡಮ್ಮ ಬೆಡ್‌ಶೀಟಿನ ಆ ತುದಿಯಿಂದಲೇ ಕಣ್ಣು ಬಿಟ್ಟಳು.

"ನಿಲ್ಲಿಸ್ಬೇಡ ಕಣೆ," ಎಂದಳು. "ಅದಿಲ್ದಿದ್ರೆ ನನ್ನ ಕೈ ಏಳೋದೇ ಇಲ್ಲ. ಕೆಳಗಿನ ಮನೇಲಿ ಅದು ಕೇಳ್ಸಲ್ವಂತೆ. ಹೋಗೋತನಕ ಆದ್ರೂ ಕೇಳ್ತೀನಿ."

ಈಗ ಏನು ಮಾಡಬೇಕು ಹೇಳಿ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ ಅದು. ಪೆಟ್ಟು ತಿನ್ನುವವಳೇ ಕೋಲು ಬೇಕು ಎನ್ನುತ್ತಿದ್ದಾಳೆ. ಅಂಚಕ್ಕ ಅವತ್ತು ಅಂಚು ನೋಡದೆ ಮಡಚಿದಳು. ಅವಳ ಕೈಯಿಂದ ಸೊಟ್ಟ ಮಡಿಕೆ ಬಂದದ್ದನ್ನು ನೋಡಿ ಪಕ್ಕದ ಜೋಡಿಯವರು ಮೈ ಹುಷಾರಿಲ್ಲವೇ ಎಂದು ಕೇಳಿದರು.

ತಡೆಯಲಾರದೆ ಅವಳು ಊಟದ ಬಿಡುವಿನಲ್ಲಿ ಎಲ್ಲರಿಗೂ ಹಾಡಿನ ಅರ್ಥ ಹೇಳಿಬಿಟ್ಟಳು. ಯಾರಾದರೂ ಸಿಟ್ಟಾಗುತ್ತಾರೆ, ಏನಾದರೂ ದಾರಿ ಹೇಳುತ್ತಾರೆ ಎಂದುಕೊಂಡಿದ್ದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂತರೆ ಸಂಬಳ ಅವನು ಕಳಿಸುತ್ತಾನಾ ಎಂದಳೊಬ್ಬಳು. ಆ ಪುಣ್ಯಾತ್ಮ ಯಾವ ಲಾಂಡ್ರಿಯಲ್ಲಿ ಕೆಲಸ ಮಾಡಿದ್ದನಂತೆ ಎಂದಳು ಇನ್ನೊಬ್ಬಳು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರಿಗೇ ಕುತೂಹಲ ಹುಟ್ಟಿತು. ಇಷ್ಟು ದಿನ ಕೇಳಿದ್ದೇವೆ, ಹಾಗೆ ಹೇಳುವುದು ಎಲ್ಲಿ? ಅಡುಗೆ ಮಾಡಿದವಳ ಮಾತು ಬರುವುದು ಮೊದಲೋ ಆಮೇಲೋ? ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ರೋಲರಿನ ಗದ್ದಲದಲ್ಲಿ ಡ್ರಮ್ಮು, ಕಹಳೆ ಕೇಳುತ್ತಿದ್ದವೇ ಹೊರತು ಮಾತು ಕೇಳುತ್ತಿರಲಿಲ್ಲ.

ಬಿಡುವು ಮುಗಿದು ಎಲ್ಲರೂ ಜಾಗಕ್ಕೆ ಬಂದರು. ಹಾಡು ತನ್ನ ಪಾಡಿಗೆ ನಡೆದಿತ್ತು. ಕಹಳೆಗಳು ಎರಡನೆಯ ಸಲ ಬಂದು ಹೋದವು. ಇನ್ನು ಹಾಡುವವನು ಬರುವ ಹೊತ್ತು ಎಂದು ಎಲ್ಲರಿಗೂ ತಿಳಿಯಿತು. ರೋಲರಿಗೆ ಬಟ್ಟೆ ಕೊಡುವ ಹೆಂಗಸು ಅಂಚಕ್ಕನ ಮುಖ ನೋಡಿದಳು. ಮಾತು ಕೇಳಬೇಕೆಂಬ ಆಸೆಗೆ, ಬೇರೆ ಯಾವ ಯೋಚನೆಯೂ ಇಲ್ಲದೆ, ಕೆಂಪು ಗುಂಡಿ ಒತ್ತಿಬಿಟ್ಟಳು. ರೋಲರ್ ನಿಂತಿತು. ಊಟದ ಬಿಡುವಿನಲ್ಲೂ ಬರಿದೇ ತಿರುಗುತ್ತಿದ್ದ ಅದು ಹಗಲು ಹೊತ್ತು ನಿಂತದ್ದನ್ನು ಅಷ್ಟು ವರ್ಷಗಳಲ್ಲಿ ಯಾರೂ ಕಂಡಿರಲಿಲ್ಲ.

ಹಾಲ್ ತುಂಬ ಆ ಮನುಷ್ಯನ ದನಿ ತುಂಬಿಕೊಂಡಿತು. ಅವನು ಕೂಗುತ್ತಿರಲಿಲ್ಲ. ಪಕ್ಕದ ಮನೆಯವನು ಜಗಲಿಯಲ್ಲಿ ಕೂತು ಮಾತಾಡಿದ ಹಾಗಿತ್ತು. ಹೆಂಗಸರು ಉತ್ತರ ಕೊಟ್ಟರು. ಅಂಚಕ್ಕ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದರೂ ಆ ಉತ್ತರದಲ್ಲಿ ಇಷ್ಟು ಕರುಣೆ ಇದೆ ಎಂದು ಗೊತ್ತಾದದ್ದು ಆಗಲೇ. ಎದುರಿಗೆ ದೊಡ್ಡಮ್ಮ ನಿಧಾನವಾಗಿ ಮಂಡಿ ಮಡಿಸಿ ಬಟ್ಟೆಯ ರಾಶಿಯ ಮೇಲೆ ಕೂತಳು. ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲೇ ಇತ್ತು. ಜೋಡಿ ಕೂತ ಮೇಲೆ ಇವಳೊಬ್ಬಳೇ ನಿಂತು ಏನು ಮಾಡುವುದು? ಅಂಚಕ್ಕನೂ ಕೂತಳು. ಆಮೇಲೆ ಒಬ್ಬರಾದ ಮೇಲೊಬ್ಬರು ಎಲ್ಲರೂ ಕೂತರು. ಹಠಕ್ಕಲ್ಲ, ಕಾಲು ನೋಯುತ್ತಿತ್ತು, ಹಾಡು ಉದ್ದ ಇತ್ತು.

ರೋಲರಿನ ಸದ್ದು ನಿಂತದ್ದಕ್ಕೆ ಸೂಪರ್‌ವೈಸರ್ ಓಡಿ ಬಂದ. ಬಾಗಿಲಲ್ಲಿ ನಿಂತು ನೋಡಿದರೆ ಇಡೀ ಹಾಲ್ ಕೂತಿದೆ, ಒಬ್ಬರೂ ಮಾತಾಡುತ್ತಿಲ್ಲ. ಮಷೀನು ಕೆಟ್ಟಿತೇ ಎಂದು ಕೇಳಿದ. ಇಲ್ಲ ಎಂದರು. ಮತ್ತೆ ನಿಲ್ಲಿಸಿದ್ದು ಯಾಕೆ ಎಂದ.

"ಅದರ ಗದ್ದಲಕ್ಕೆ ಹಾಡು ಕೇಳಿಸ್ತಿರ್ಲಿಲ್ಲ ಸಾರ್," ಎಂದಳು ದೊಡ್ಡಮ್ಮ.

ಅದು ಸತ್ಯವೇ ಆಗಿತ್ತು. ಆದರೆ ಅವನ ಮುಖ ಬಿಳಚಿಕೊಂಡಿತು. ಹಾಡಿನ ಅರ್ಥ ಅವನಿಗೂ ಯಾರಿಂದಲೋ ಮುಟ್ಟಿತ್ತೋ, ಇಲ್ಲ ಕೂತ ಹೆಂಗಸರ ಮೌನವೇ ಸಾಕಾಯಿತೋ, ದೇವರಿಗೇ ಗೊತ್ತು. ಅವನು ಬೈಯಲಿಲ್ಲ. ನಿಮಗೆ ಏನು ಬೇಕು ಹೇಳಿ ಅಕ್ಕ, ಕೂತು ಮಾತಾಡೋಣ ಎಂದ. ಏನೂ ಬೇಡ, ಹಾಡು ಇನ್ನೂ ಸ್ವಲ್ಪ ಉಳಿದಿದೆ ಎಂದರು ಇವರು. ಅವನು ಹಾಡು ಮುಗಿಯುವವರೆಗೆ ಬಾಗಿಲಲ್ಲಿ ಹಾಗೇ ನಿಂತಿದ್ದ, ಅವನ ಒಂದು ಪಾದ ತಾಳ ಹಾಕುತ್ತಿತ್ತು. ಹಾಡು ಮುಗಿಯಿತು. ಹೆಂಗಸರು ಎದ್ದರು, ಸೀರೆ ಕೊಡವಿದರು, ಗುಂಡಿ ಒತ್ತಿ ಕೆಲಸಕ್ಕೆ ನಿಂತರು.

ಮಾರನೆಯ ಬೆಳಗ್ಗೆ ಲೌಡ್‌ಸ್ಪೀಕರಿನಲ್ಲಿ ಆ ಹಾಡು ಇರಲಿಲ್ಲ. ಮಾಲೀಕರೇ ತೆಗೆಸಿದರಂತೆ. ಅದರ ಬದಲು ಸಿನಿಮಾ ಹಾಡು ಹಾಕಿ ನೋಡಿದರು, ಕೊಳಲು ಹಾಕಿ ನೋಡಿದರು. ಹೆಂಗಸರ ಕಾಲು ಅವಕ್ಕೆ ಏಳಲಿಲ್ಲ. ರಾಶಿ ದಿನದಿಂದ ದಿನಕ್ಕೆ ಕುಗ್ಗಿತು. ಇವರು ಮತ್ತೆ ಕೂತಾರು ಎಂಬ ಹೆದರಿಕೆಯೂ ಇತ್ತೋ ಏನೋ, ಹಲಗೆಯ ಮೇಲಿನ ಟಾರ್ಗೆಟ್ಟನ್ನು ಒಂದು ದಿನ ಸದ್ದಿಲ್ಲದೆ ಅಳಿಸಿ ಹಳೆಯದನ್ನೇ ಬರೆದರು. ರೋಲರ್ ಹಳೆಯ ವೇಗಕ್ಕೆ ಇಳಿಯಿತು. ತಿಂಗಳು ಮುಗಿಯಿತು. ಕೆಳಗಿನ ಮನೆಯ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡಮ್ಮ ಎದುರಿನ ತುದಿಯಲ್ಲೇ ಉಳಿದಳು.

ತಿಂಗಳು ಮುಗಿದ ದಿನ ಅಂಚಕ್ಕ ಮನೆಗೆ ಹೋಗಿ ಅತ್ತಳು, ಸಂತೋಷಕ್ಕೇ ಎಂದುಕೊಂಡಳು. ಆದರೆ ಲಾಂಡ್ರಿಯಲ್ಲಿ ಹೆಂಗಸರು ಅವಳನ್ನು ಹೊಗಳಲಿಲ್ಲ. ಅರ್ಥ ಹೇಳದೆ ಸುಮ್ಮನಿದ್ದಿದ್ದರೆ ಹಾಡಾದರೂ ಉಳಿಯುತ್ತಿತ್ತು, ನಿನ್ನ ಬಾಯಿಗೆ ಬೀಗ ಹಾಕ ಎಂದು ಬೈದರು. ಅವರದೂ ಸುಳ್ಳಲ್ಲ. ಹಾಲ್‌ನಲ್ಲಿ ಈಗ ರೋಲರಿನ ಸದ್ದು ಬಿಟ್ಟರೆ ಇನ್ನೇನಿಲ್ಲ. ಗೆದ್ದದ್ದೋ ಸೋತದ್ದೋ, ಗೆದ್ದಿದ್ದರೆ ಯಾರು ಗೆದ್ದದ್ದು, ಎಂದು ಅವಳು ಎಷ್ಟು ಮಡಚಿದರೂ ಈ ಅಂಚಿಗೆ ಆ ಅಂಚು ಕೂಡಲಿಲ್ಲ.

ರಜೆಯ ಮಧ್ಯಾಹ್ನ ದೊಡ್ಡಮ್ಮ ಮನೆಗೆ ಬಂದಳು. ಇಷ್ಟು ವರ್ಷಗಳ ಜೋಡಿ, ಆದರೂ ಅವಳು ಅಂಚಕ್ಕನ ಮನೆಗೆ ಬಂದದ್ದು ಅದೇ ಮೊದಲು. ರೆಕಾರ್ಡು ಹಾಕು ಎಂದಳು. ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದ. ಇಬ್ಬರೂ ಗೋಡೆಗೊರಗಿ ಕಾಲು ಚಾಚಿ ಕೂತರು. ಡ್ರಮ್ಮು ಬಂತು, ಗಿಟಾರು ಬಂತು, ಕಹಳೆ ಬಂದು ಹೋಯಿತು. ಅಂಚಕ್ಕ ಚಿಕ್ಕ ಗಂಟೆಯನ್ನು ಬೆರಳೆತ್ತಿ ತೋರಿಸಿಕೊಟ್ಟಳು. ದೊಡ್ಡಮ್ಮ ಕಣ್ಣು ಮುಚ್ಚಿ ತಲೆದೂಗಿದಳು. ಕೊನೆಗೆ ಹಾಡುವವನ ದನಿ ಬಂತು, ಹೆಂಗಸರ ದನಿ ಬಂತು.

"ಇದೇ ಅಲ್ವಾ? ಕೂತ್ಕೊ ಅನ್ನೋದು?" ಎಂದಳು ದೊಡ್ಡಮ್ಮ.

"ಇದೇ."

ದೊಡ್ಡಮ್ಮ ಚಾಚಿದ ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡಳು.

"ಸರಿ, ಕೂತಾಯ್ತು," ಎಂದಳು. "ಕೂತ್ಮೇಲೆ ಏನ್ಮಾಡ್ಬೇಕಂತೆ?"

ಅಂಚಕ್ಕ ಪೆಟ್ಟಿಗೆಗೆ ಕಿವಿ ತಾಗುವಷ್ಟು ಬಾಗಿ, ಕೊನೆಯವರೆಗೂ ಕೇಳಿದಳು. ಹೆಂಗಸರು ಅದನ್ನೇ ಹೇಳುತ್ತ ಹೇಳುತ್ತ ದೂರವಾದರು, ಆಮೇಲೆ ಬರೀ ಮುಳ್ಳಿನ ಸದ್ದು. ಕೂತ ಮೇಲೆ ಏನೆಂದು ಹಾಡಿದವನು ಹೇಳಿರಲಿಲ್ಲ, ಅರ್ಥ ಬಿಡಿಸಿದ ವ್ಯಾನಣ್ಣನೂ ಹೇಳಿರಲಿಲ್ಲ.